ಬಗ್ಗಿದಾಗ ಉಬ್ಬುವ ಕಣ್ಣು: ಕಣ್ಣುಗೂಡಿನ ವೇರಿಕ್ಸ್ ಪತ್ತೆ ಮತ್ತು ನಿರ್ವಹಣೆ

ಬಗ್ಗಿದಾಗ, ಕೆಮ್ಮಿದಾಗ, ಉಸಿರು ಬಿಗಿಹಿಡಿದು ಮುಕ್ಕಿದಾಗ ಒಂದು ಕಣ್ಣು ಮುಂದಕ್ಕೆ ಬಂದು, ನೆಟ್ಟಗೆ ನಿಂತೊಡನೆ ಒಳಸರಿದರೆ ವೇರಿಕ್ಸ್ (ಹಿಗ್ಗಿದ ಅಭಿಧಮನಿ) ಅನುಮಾನಿಸಿ. ಕಣ್ಣುಗುಡ್ಡೆಯ ಹಿಂದಿರುವ ಈ ಅಭಿಧಮನಿಗೆ ರಕ್ತ ತುಂಬುವುದೇ ಕಣ್ಣು ಉಬ್ಬಲು ಕಾರಣ.

ಮೊದಲು ಕಣ್ಣು ಎಷ್ಟು ಮುಂದೆ ಬಂದಿದೆ ಎಂದು ತೋರಿಸುವ ಹರ್ಟೆಲ್ ಮಾಪಕದಿಂದ ಎರಡೂ ಕಣ್ಣುಗಳನ್ನು ಅಳೆಯಿರಿ. ನಂತರ ಮೂಗು, ಬಾಯಿ ಮುಚ್ಚಿ 10-15 ಸೆಕೆಂಡು ಮುಕ್ಕಿಸಿ, ಮಾಪಕದ ಅಗಲ ಬದಲಿಸದೆ ಮತ್ತೆ ಅಳೆಯಿರಿ. ಎರಡು ಕಣ್ಣುಗಳ ನಡುವೆ 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸ್ಕ್ಯಾನ್ ಬೇಕು. ಕಣ್ಣು ನಾಡಿಯಂತೆ ಮಿಡಿಯುತ್ತಿದ್ದರೆ, ಸ್ಟೆತಸ್ಕೋಪಿನಲ್ಲಿ ಹುಯ್ಯೆನ್ನುವ ಸದ್ದು ಕೇಳಿದರೆ ಇದು ವೇರಿಕ್ಸ್ ಅಲ್ಲ, ಅಪಧಮನಿಗೂ ಅಭಿಧಮನಿಗೂ ನೇರ ಸಂಪರ್ಕವಿರಬಹುದು, ಆಂಜಿಯೋಗ್ರಾಂ (ರಕ್ತನಾಳಗಳ ಚಿತ್ರ) ಮಾಡಿಸಿ.

ರೋಗಿ ಅಂಗಾತ ಸುಮ್ಮನೆ ಮಲಗಿದ್ದಾಗ ತೆಗೆದ ಸಿ.ಟಿ. ಪೂರ್ತಿ ಸಹಜವಾಗಿ ಕಾಣಬಹುದು. ಎಷ್ಟೋ ವೇರಿಕ್ಸ್‌ಗಳು ತಪ್ಪಿಹೋಗುವುದು ಇಲ್ಲೇ. ಹಾಗಾಗಿ 'ಮುಕ್ಕಿಸಿ ಅಥವಾ ಬೋರಲು ಮಲಗಿಸಿ ಇನ್ನೊಮ್ಮೆ' ಎಂದು ಚೀಟಿಯಲ್ಲೇ ಬರೆಯಿರಿ. ಸ್ಕ್ಯಾನಿನಲ್ಲಿ ಅಭಿಧಮನಿಯೊಳಗೆ ಸುಣ್ಣಗಟ್ಟಿದ ದುಂಡು ಕಲ್ಲುಗಳು ಕಂಡರೆ ಅನುಮಾನ ಬಲವಾಗುತ್ತದೆ. ಸೂಜಿ ಚುಚ್ಚಿ ಮಾದರಿ ತೆಗೆಯಲು ಹೋಗಬೇಡಿ, ರಕ್ತಸ್ರಾವವಾದೀತು.

ದೃಷ್ಟಿ ಚೆನ್ನಾಗಿದ್ದು ನೋವಿಲ್ಲದಿದ್ದರೆ ಕಾದು ನೋಡುವುದೇ ಒಳ್ಳೆಯದು. ಮಲಬದ್ಧತೆ ತಪ್ಪಿಸಿ, ಭಾರ ಎತ್ತುವುದು ಬಿಡಿ, ತಲೆ ಎತ್ತರಿಸಿ ಮಲಗಿ. ಪದೇ ಪದೇ ರಕ್ತಸ್ರಾವ, ದೃಷ್ಟಿನರದ ಮೇಲೆ ಒತ್ತಡ, ತಡೆಯಲಾಗದ ನೋವು ಇದ್ದಾಗ ಮಾತ್ರ ಶಸ್ತ್ರಚಿಕಿತ್ಸೆ. ತೆಳು ಗೋಡೆ ಸುಲಭವಾಗಿ ಹರಿಯುವುದರಿಂದ ಮೊದಲು ವಿಶೇಷ ಅಂಟು ತುಂಬಿ ಗಟ್ಟಿಮಾಡಿ, ಆಮೇಲೆ ಬಿಡಿಸಿ ತೆಗೆಯುವುದುಂಟು.

ಹಠಾತ್ ನೋವು, ವಾಂತಿ, ಉಬ್ಬಿದ ಕಣ್ಣು ಒಳಸರಿಯದಿರುವುದು, ದೃಷ್ಟಿ ಮಂಕಾಗುವುದು: ಒಳಗೆ ರಕ್ತಸ್ರಾವವಾಗಿರಬಹುದು ಅಥವಾ ರಕ್ತ ಹೆಪ್ಪುಗಟ್ಟಿರಬಹುದು. ಬೆಳಗಾಗಲೆಂದು ಕಾಯದೆ ಕೂಡಲೇ ತುರ್ತು ವಿಭಾಗಕ್ಕೆ ಹೋಗಿ.