ಹಳೇ ಪುಲಾಸ್ಕಿಗೆ ಹೊಸ ಕಾವು: ನಾನು ಕೂರಿಸುವ ಕ್ರಮ

ಪುಲಾಸ್ಕಿ ಎಂದರೆ ಕಾಡ್ಗಿಚ್ಚು ತಡೆಯುವವರ ಕೈ ಉಪಕರಣ: ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಬೇರು ಅಗೆಯುವ ಅಡ್ಡ ಅಲಗು. 1910ರ ಮಹಾ ಕಾಡ್ಗಿಚ್ಚಿನಲ್ಲಿ ತಂಡವನ್ನು ಗಣಿ ಸುರಂಗಕ್ಕೆ ನುಗ್ಗಿಸಿ ಹೆಚ್ಚಿನವರ ಜೀವ ಉಳಿಸಿದ ಅಮೆರಿಕದ ಐಡಹೊ ರೇಂಜರ್ ಎಡ್ ಪುಲಾಸ್ಕಿ, 1911ರಲ್ಲಿ ಕುಲುಮೆಯಲ್ಲಿ ಇದಕ್ಕೆ ರೂಪ ಕೊಟ್ಟರು. ಹೆಚ್ಚುಕಡಿಮೆ ಇಂಥದೇ ಉಪಕರಣ 1876ರಲ್ಲೇ ಬಂದಿತ್ತು. ಬೆಂಕಿ ಹರಡದಂತೆ ನೆಲ ಬರಿದು ಮಾಡುವ ಬೆಂಕಿ ರೇಖೆಯ ಕೆಲಸಕ್ಕೆ ಒಗ್ಗಿಸಿದ್ದು ಮಾತ್ರ ಅವರು.

ಹಳೇ ಪುಲಾಸ್ಕಿ ಸಿಕ್ಕರೆ ಎಲ್ಲರೂ ಮೊದಲು ಅಂಚಿಗೆ ಬೆರಳಿಟ್ಟು ನೋಡುತ್ತಾರೆ. ನಾನು ನೋಡುವುದು ತಲೆಯ ಕೆಳಗಿನ ಎರಡು ಇಂಚು ಕಾವನ್ನು, ಅಂದರೆ ಮರದ ಹಿಡಿಯನ್ನು. ಅಗೆಯುವ ಅಲಗನ್ನು ಬೇರಿನಡಿ ತೂರಿಸಿ ಮೀಟುವ ಚಟ ಎಲ್ಲರಿಗೂ ಇದೆ. ಆ ಭಾರವೆಲ್ಲ ಕಾವು ಕೂರುವ ತೂತಿನ ಹಿಂದು ಮುಂದಿನ ತುದಿಗಳ ಮೇಲೆ ಬಿದ್ದು, ಅಲ್ಲಿನ ನಾರು ಜಜ್ಜಿಹೋಗುತ್ತದೆ. ಹೊರಗೆ ಸಣ್ಣ ಕಪ್ಪು ಗೆರೆಯಷ್ಟೇ ಕಾಣಿಸುತ್ತದೆ, ಒಳಗೆ ಪುಡಿ. ಅಂಥದಕ್ಕೆ ಇನ್ನೊಂದು ಬೆಣೆ ಹೊಡೆಯುವುದು ದಂಡ.

ಕಾವನ್ನು ತಲೆಯ ಬುಡಕ್ಕೇ ಕೊಯ್ದು, ಒಳಗಿನ ಮರಕ್ಕೆ ಡ್ರಿಲ್‌ನಲ್ಲಿ ನಾಲ್ಕೈದು ತೂತು ಹಾಕಿ, ಕೆಳಗಿನಿಂದ ಮೇಲಕ್ಕೆ ಹೊಡೆದು ತೆಗೆಯುತ್ತೇನೆ. ಬೆಂಕಿಗೆ ಹಾಕಿ ಸುಡುವವರಿದ್ದಾರೆ. ಉಕ್ಕಿನ ಹದ ಅಲ್ಲಿಗೆ ಮುಗಿಯಿತು. ತುಕ್ಕಿಗೆ ತಂತಿ ಬ್ರಷ್ ಸಾಕು.

ಹೊಸ ಕಾವು 36 ಇಂಚಿನದು, ಹಿಕರಿ ಎಂಬ ಗಟ್ಟಿ ಮರದ್ದು, ಚೆನ್ನಾಗಿ ಒಣಗಿದ್ದು. ತುದಿಯಲ್ಲಿ ನೋಡಿದಾಗ ಮರದ ಎಳೆಗಳು ಕೊಡಲಿಯ ಬಾಯಿಯಿಂದ ಅಗೆಯುವ ಅಲಗಿನತ್ತ ಓಡಬೇಕು. ಅಡ್ಡ ಓಡಿದರೆ ಏಟಿಗೆ ಸೀಳುತ್ತದೆ. ತೂತಿನ ಒಳಮೈಗೆ ದೀಪದ ಮಸಿ ಸವರಿ, ತಲೆಯನ್ನು ಕೈಯಲ್ಲೇ ಕಾವಿಗೆ ಒತ್ತಿ ತೆಗೆಯುತ್ತೇನೆ. ಮಸಿ ಹತ್ತಿದ ಕಡೆ ಮಾತ್ರ ಮರ ಉಜ್ಜುವ ಅರದಿಂದ ಎರಡೆರಡು ಎಳೆತ. ಹತ್ತು ಹನ್ನೆರಡು ಸಲವಾದರೂ ಹೀಗೇ. ಬೇಸರಪಟ್ಟು ಒಮ್ಮೆಗೇ ಕೆತ್ತಿದರೆ ಸಡಿಲಾಗುತ್ತದೆ, ಕೆತ್ತಿದ ಮರವನ್ನು ಮತ್ತೆ ಅಂಟಿಸುವುದಕ್ಕಾಗುವುದಿಲ್ಲ.

ಕೊನೆಗೆ ಕಾವನ್ನು ತಲೆಕೆಳಗಾಗಿ ಹಿಡಿದು ಬುಡಕ್ಕೆ ಮರದ ಸುತ್ತಿಗೆಯಿಂದ ಬಡಿಯಬೇಕು. ತಲೆ ಗಾಳಿಯಲ್ಲೇ ತೂಗುತ್ತಿದ್ದರೂ, ತನ್ನ ತೂಕದ ಜಡತ್ವಕ್ಕೆ ಅಲ್ಲೇ ನಿಂತು ಕಾವಿನ ಮೇಲಕ್ಕೆ ಏರುತ್ತದೆ. ಕೆಳಅಂಚಿನಲ್ಲಿ ಮರ ಸುರುಳಿಯಾಗಿ ಏಳತೊಡಗಿದರೆ ನಿಲ್ಲಿಸುತ್ತೇನೆ. ಬೆಣೆಗಾಗಿ ಕಾವಿನ ತುದಿಯಲ್ಲಿ ಕೊಯ್ಯುವ ಸೀಳು ತೂತಿನ ಆಳದ ಮೂರನೇ ಎರಡು ಪಾಲು. ಬೆಣೆ ಮರದ್ದೇ. ಕಾವಿನ ಮೇಲ್ತುದಿಯನ್ನು 3 ಮಿಲಿಮೀಟರ್ ಹೊರಗೆ ಬಿಟ್ಟು ಕೊಯ್ಯುತ್ತೇನೆ. ಬೆಣೆ ಹೊಡೆಯುವ ಮೊದಲು ಕಾವಿನುದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಬೇಕು: ಕೊಡಲಿಯ ಬಾಯಿ ನಡುಗೆರೆಯಿಂದ ವಾಲಿದ್ದರೆ ಏಟು ಜಾರಿ ಕಾಲಿಗೇ. ಕೊಡಲಿ ಕಾವು ಕುಲಕ್ಕೆ ಸಾವಂತೆ. ಸೊಟ್ಟ ಕಾವು ಹಿಡಿದವನಿಗೇ.

ಸಡಿಲಾದ ಕಾವನ್ನು ನೀರಿನಲ್ಲಿ ನೆನೆಹಾಕುವ ಉಪಾಯ ನಂಬಬೇಡಿ. ಮರ ಉಬ್ಬಿ ಕಬ್ಬಿಣಕ್ಕೆ ಒತ್ತಿ ನಜ್ಜಾಗುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಅಲ್ಲಾಡುತ್ತದೆ.

ಸಾಣೆಗೆ 10 ಇಂಚಿನ ಚಪ್ಪಟೆ ಅರ, ಕೈಗವಸು. ಅರ ಮುಂದಕ್ಕೆ ಹೋಗುವಾಗ ಮಾತ್ರ ಒತ್ತು, ವಾಪಸು ಬರುವಾಗ ಎತ್ತು. ಕೊಡಲಿಗೆ ಎರಡೂ ಮಗ್ಗುಲು ಸಮ; ಅಗೆಯುವ ಅಲಗಿಗೆ ಮೊದಲಿದ್ದ ಇಳಿಜಾರನ್ನೇ ಹಿಡಿದು ಸುಮಾರು 45 ಡಿಗ್ರಿ, ಕಲ್ಲುಮಣ್ಣಿಗೆ ಅದಕ್ಕಿಂತ ತೆಳು ಬೇಡ. ಗ್ರೈಂಡರ್‌ನಲ್ಲಿ ಅಂಚು ನೀಲಿಯಾದರೆ ಅಷ್ಟು ಭಾಗ ಮೆತ್ತಗಾದಂತೆ.

ಕಾವಿಗೆ ವಾರ್ನಿಷ್ ಬೇಡ, ಅಂಗೈಯಲ್ಲಿ ಬೊಕ್ಕೆ ಏಳುತ್ತದೆ. ಅಗಸೆ ಎಣ್ಣೆ ತಿಕ್ಕಿದರೆ ಸಾಕು. ತಿಕ್ಕಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಬಿಡಿಸಿ ಬಯಲಲ್ಲಿ ಒಣಗಿಸಿ. ಎಣ್ಣೆ ಒಣಗುವಾಗ ಏಳುವ ಬಿಸಿಗೇ ಮುದ್ದೆ ತಾನಾಗಿ ಹೊತ್ತಿಕೊಳ್ಳಬಹುದು.