ಈವ್ ಆನ್‌ಲೈನ್‌ನಲ್ಲಿ ಒಂಟಿ ದರೋಡೆಕೋರನಾಗಿ ಆಡುವ ಬಗೆ

ಐಸ್‌ಲ್ಯಾಂಡಿನ ಸಿಸಿಪಿ ಗೇಮ್ಸ್ 2003ರಲ್ಲಿ ಹೊರತಂದ ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶ ನೌಕೆಗಳ ಬಹು-ಆಟಗಾರ ಆಟದಲ್ಲಿ ದರೋಡೆಗೆ ನಿಷೇಧವಿಲ್ಲ. ಅದಕ್ಕೆ ತೆರಬೇಕಾದ ದಂಡವನ್ನು ಮಾತ್ರ ಆಟ ಮೊದಲೇ ಗೊತ್ತುಮಾಡಿದೆ. ಗುಂಪಾಗಿ ಬರುವವರು ಸಂಖ್ಯಾಬಲದಿಂದ ತಪ್ಪುಗಳನ್ನು ಮುಚ್ಚಿಕೊಳ್ಳಬಲ್ಲರು. ಒಬ್ಬನೇ ಆಡುವವನಿಗೆ ಆ ಸವಲತ್ತಿಲ್ಲದ ಕಾರಣ, ಯಾರ ಮೇಲೆ ಬೀಳಬೇಕು, ಯಾವಾಗ ಜಾಗ ಖಾಲಿ ಮಾಡಬೇಕು ಎಂಬ ತೀರ್ಮಾನದಲ್ಲೇ ಅವನ ಕಸುಬೆಲ್ಲ ಅಡಗಿದೆ.

ಮೊದಲು ಜಾಗದ ಆಯ್ಕೆ. ಭದ್ರತಾ ಅಂಕ 0.5 ಅಥವಾ ಅದಕ್ಕಿಂತ ಹೆಚ್ಚಿರುವ ನಕ್ಷತ್ರ ವ್ಯೂಹಗಳಲ್ಲಿ, ಅಂದರೆ ಹೈ-ಸೆಕ್‌ನಲ್ಲಿ, ಕಾನೂನುಬಾಹಿರವಾಗಿ ಗುಂಡು ಹಾರಿಸಿದವನ ನೌಕೆಯನ್ನು ಆಟವೇ ನಡೆಸುವ ಕಾನ್‌ಕಾರ್ಡ್ ಎಂಬ ಕಾನೂನು ಪಡೆ ನಾಶಮಾಡಿಯೇ ತೀರುತ್ತದೆ; 0.0 ಮತ್ತು ಅದಕ್ಕಿಂತ ಕೆಳಗೆ ಆಟಗಾರರ ದೊಡ್ಡ ಒಕ್ಕೂಟಗಳ ಆಳ್ವಿಕೆ, ಜೊತೆಗೆ ವಾರ್ಪನ್ನು (ವ್ಯೂಹದೊಳಗಿನ ಅತಿವೇಗದ ಪಯಣವನ್ನು) ತಡೆಯುವ ಗುಳ್ಳೆಯಾಕಾರದ ವಲಯಗಳಾದ ಬಬಲ್‌ಗಳ ಕಾಟ. ಇವೆರಡರ ನಡುವಿನ 0.1ರಿಂದ 0.4ರವರೆಗಿನ ಲೋ-ಸೆಕ್ ಒಂಟಿ ದರೋಡೆಕೋರನಿಗೆ ಹೇಳಿಮಾಡಿಸಿದ ಪ್ರದೇಶ, ಏಕೆಂದರೆ ಅಲ್ಲಿ ಕಾನ್‌ಕಾರ್ಡ್ ಬರುವುದಿಲ್ಲ, ಬಬಲ್ ಹಾಕುವಂತಿಲ್ಲ, ಕಾವಲು ಫಿರಂಗಿಗಳಿರುವುದು ವ್ಯೂಹದಿಂದ ವ್ಯೂಹಕ್ಕೆ ದಾಟಿಸುವ ಗೇಟ್ ಮತ್ತು ಸ್ಟೇಷನ್‌ಗಳ ಬಳಿ ಮಾತ್ರ. ಅಮಾಮಾಕೆ, ತಾಮಾ, ರಾನ್ಸರ್ ಇದಕ್ಕೆ ಹೆಸರಾದ ವ್ಯೂಹಗಳು. ಆದರೆ ಅಲ್ಲಿ ಪಳಗಿದ ಬೇಟೆಗಾರರೇ ತುಂಬಿರುವುದರಿಂದ ಹೊಸಬರು ಜನ ಕಡಿಮೆಯಿರುವ ಕಡೆ ಕೈ ಪಳಗಿಸಿಕೊಳ್ಳುವುದು ಲೇಸು.

ನೌಕೆ ಅಗ್ಗದ್ದಾಗಿರಲಿ. ರಿಫ್ಟರ್, ಟ್ರಿಸ್ಟನ್, ಮೆರ್ಲಿನ್‌ನಂತಹ ಸಣ್ಣ ಯುದ್ಧನೌಕೆಗಳನ್ನು, ಅಂದರೆ ಫ್ರಿಗೇಟ್‌ಗಳನ್ನು, ಒಮ್ಮೆಗೇ ಹಲವು ಕೊಂಡು, ಒಂದೇ ಬಗೆಯ ಸಜ್ಜಿನೊಂದಿಗೆ ಹತ್ತಿರದ ಸ್ಟೇಷನ್‌ನಲ್ಲಿ ಇಟ್ಟುಕೊಂಡರೆ, ಒಂದು ಹೋದಾಗ ಮರುಗುತ್ತ ಕೂರದೆ ಇನ್ನೊಂದನ್ನೇರಿ ಹೊರಡಬಹುದು. ಸಜ್ಜಿನಲ್ಲಿ ವಾರ್ಪ್ ಸ್ಕ್ರಾಂಬ್ಲರ್‌ಗೆ ಮೊದಲ ಮಣೆ: ಅದು ಎದುರಾಳಿಯ ವಾರ್ಪನ್ನು ತಡೆಯುವುದರ ಜೊತೆಗೆ ವೇಗ ಹೆಚ್ಚಿಸುವ ಅವನ ಮೈಕ್ರೋವಾರ್ಪ್‌ಡ್ರೈವನ್ನೂ ನಿಲ್ಲಿಸುತ್ತದೆ. ವಾರ್ಪ್ ತಡೆಯುವ ಇನ್ನೊಂದು ಸಾಧನವಾದ ಡಿಸ್ರಪ್ಟರ್ ಹೆಚ್ಚು ದೂರ ಮುಟ್ಟುತ್ತದಾದರೂ ಈ ಎರಡನೆಯ ಗುಣ ಅದಕ್ಕಿಲ್ಲ. ಹುಟ್ಟಿನಿಂದಲೇ ವಾರ್ಪ್ ತಡೆಯನ್ನು ಮೀರುವ ಬಲ ಹೆಚ್ಚಿರುವ ವೆಂಚರ್ ಎಂಬ ಗಣಿ ನೌಕೆಯಂತೂ ಒಂಟಿ ಡಿಸ್ರಪ್ಟರ್‌ನಿಂದ ಸುಲಭವಾಗಿ ನುಣುಚಿಕೊಳ್ಳುತ್ತದೆ.

ಬೇಟೆಯನ್ನು ಹುಡುಕುವುದೇ ಇಡೀ ಕೆಲಸದ ಸೊಗಸಾದ ಭಾಗ, ಹೆಚ್ಚಿನವರು ಅವಸರಪಟ್ಟು ಕೆಡಿಸಿಕೊಳ್ಳುವ ಭಾಗವೂ ಹೌದು. ವ್ಯೂಹಕ್ಕೆ ಕಾಲಿಟ್ಟೊಡನೆ, ಗೇಟಿನ ಮರೆ ನಿಮ್ಮನ್ನು ಒಂದು ನಿಮಿಷ ಕಾಣದಂತೆ ಇಡುವ ಹೊತ್ತಿನಲ್ಲೇ, ವ್ಯೂಹದಲ್ಲಿರುವವರ ಹೆಸರು ತೋರಿಸುವ ಲೋಕಲ್ ಎಂಬ ಚಾಟ್ ಚಾನೆಲ್‌ನಲ್ಲಿ ಯಾರಿದ್ದಾರೆಂದು ನೋಡಿ, ಅವರ ಕಾರ್ಪೊರೇಷನ್ (ಆಟಗಾರರ ಸಂಘ) ಯಾವುದು, ಒಂದೇ ಗುಂಪಿನವರು ಎಷ್ಟು ಮಂದಿ ಎಂದು ಗಮನಿಸಬೇಕು. ಆಮೇಲೆ ಡಿ-ಸ್ಕ್ಯಾನ್, ಅಂದರೆ ನೌಕೆಯಲ್ಲಿರುವ ದಿಕ್ಕು ಶೋಧಕ. ಅದು 14.3 ಖಗೋಳ ಮಾನದವರೆಗಿನ ನೌಕೆಗಳ ಜಾತಿಯನ್ನು ತಿಳಿಸುತ್ತದೆಯೇ ಹೊರತು ಅವು ಎಲ್ಲಿವೆ ಎಂಬುದನ್ನಲ್ಲ. ಆದ್ದರಿಂದ 360 ಡಿಗ್ರಿಯಲ್ಲಿ ಗಣಿ ನೌಕೆಯೊಂದು ಕಂಡರೆ, ಕೋನವನ್ನು 5 ಡಿಗ್ರಿಗೆ ಇಳಿಸಿ, ಕ್ಯಾಮೆರಾವನ್ನು ಒಂದೊಂದೇ ಕ್ಷುದ್ರಗ್ರಹ ಪಟ್ಟಿಯತ್ತ ತಿರುಗಿಸಿ ಮತ್ತೆ ಮತ್ತೆ ಸ್ಕ್ಯಾನ್ ಮಾಡಿದರೆ ಅದು ಯಾವ ಪಟ್ಟಿಯಲ್ಲಿದೆಯೆಂದು ಗೊತ್ತಾಗುತ್ತದೆ. ನೇರ ಸೊನ್ನೆ ದೂರಕ್ಕೆ ವಾರ್ಪ್ ಮಾಡಿ, ಲಾಕ್ ಆದ ತಕ್ಷಣ ಸ್ಕ್ರಾಂಬ್ಲರ್, ಬಳಿಕ ವೇಗ ತಗ್ಗಿಸುವ ವೆಬ್, ಕೊನೆಗೆ ಬಂದೂಕು, ಈ ಕ್ರಮ ತಪ್ಪಬಾರದು. ನೀವು ಲೋಕಲ್‌ನಲ್ಲಿ ಕಾಣಿಸಿಕೊಂಡ ಮೇಲೂ ಅಲ್ಲಾಡದೆ ಕುಳಿತ ನೌಕೆ ಮೈಮರೆತವನದ್ದಿರಬಹುದು, ಗಾಳವೂ ಇರಬಹುದು; ಅವನ ಸಂಗಡಿಗರು ಅದೇ ಚಾನೆಲ್‌ನಲ್ಲಿದ್ದರೆ ಎರಡನೆಯದೇ ನಿಜವೆಂದು ನಾನು ಹೊರಟುಬಿಡುತ್ತೇನೆ.

ಗುಂಡು ಹಾರಿಸಿದಾಗಿನಿಂದ ಎರಡು ಗಡಿಯಾರಗಳು ಓಡತೊಡಗುತ್ತವೆ. ಕೊನೆಯ ಗುಂಡಿನಿಂದ 60 ಸೆಕೆಂಡು ನೀವು ಸ್ಟೇಷನ್ ಹೊಗುವಂತಿಲ್ಲ, ಗೇಟ್ ದಾಟುವಂತಿಲ್ಲ; ಇನ್ನು ಸಸ್ಪೆಕ್ಟ್ (ಶಂಕಿತ) ಗುರುತು 15 ನಿಮಿಷ ಇರುತ್ತದೆ, ಅಷ್ಟು ಹೊತ್ತೂ ಯಾರು ಬೇಕಾದರೂ ನಿಮ್ಮ ಮೇಲೆ ದಂಡವಿಲ್ಲದೆ ಎರಗಬಹುದು. ಹೀಗಾಗಿ ದಾಳಿಗೆ ಮುನ್ನವೇ ಅಡಗುತಾಣ ಸಿದ್ಧವಿರಬೇಕು. ಎರಡು ಗ್ರಹಗಳ ನಡುವೆ ವಾರ್ಪ್‌ನಲ್ಲಿರುವಾಗ ನಡುದಾರಿಯಲ್ಲಿ ಬುಕ್‌ಮಾರ್ಕ್ ಹಾಕಿಕೊಂಡರೆ ಸಾಕು, ಪ್ರೋಬ್‌ಗಳೆಂಬ ಶೋಧಕ ಸಾಧನಗಳಿಂದ ಹುಡುಕದ ಹೊರತು ಅಲ್ಲಿಗೆ ಯಾರೂ ಬರಲಾರರು. ಡಿ-ಸ್ಕ್ಯಾನ್‌ನಲ್ಲಿ ಪ್ರೋಬ್ ಕಂಡರೆ ಜಾಗ ಬದಲಿಸಬೇಕು.

ಹಣ ಕೇಳಿ ಬಿಟ್ಟುಬಿಡುವುದೂ ಒಂದು ದಾರಿ. ಎದುರಾಳಿಯ ಕವಚ ಕರಗುತ್ತಿರುವಾಗ ಚಾಟ್‌ನಲ್ಲಿ ಮೊತ್ತವನ್ನು ಚುಟುಕಾಗಿ ಹೇಳಿ, ಕೊಟ್ಟರೆ ಬಿಡಬೇಕು. ಮಾತಿಗೆ ತಪ್ಪಿದರೆ ಆಟ ಶಿಕ್ಷಿಸದು, ಆದರೆ ಮುಂದಿನವನು ನಿಮಗೆ ಕೊಡಲಾರ. ಆಟದಾಚೆ ಆ ಆಟಗಾರನನ್ನು ಪೀಡಿಸುವುದು ಬೇರೆಯೇ ಮಾತು, ಅದಕ್ಕೆ ಸಿಸಿಪಿಯ ನಿಯಮಗಳಲ್ಲಿ ಜಾಗವಿಲ್ಲ.

ಪ್ರತಿ ಅಕ್ರಮ ದಾಳಿಯೂ ನಿಮ್ಮ ಭದ್ರತಾ ಮಾನವನ್ನು ಇಳಿಸುತ್ತದೆ. ಅದು -5ಕ್ಕೆ ಮುಟ್ಟಿದರೆ ನಿಮ್ಮನ್ನು ಯಾರು ಎಲ್ಲಿ ಬೇಕಾದರೂ ಹೊಡೆಯಬಹುದು, ಹೈ-ಸೆಕ್‌ನಲ್ಲಿ ಪೊಲೀಸರೂ ಬೆನ್ನಟ್ಟುತ್ತಾರೆ. ನೌಕೆ ಒಡೆದ ಮೇಲೆ ಉಳಿದ ಪಾಡ್ (ಚಾಲಕನಿರುವ ಕೋಶ) ಮೇಲಿನ ದಾಳಿ ಇದನ್ನು ಇನ್ನಷ್ಟು ಬೇಗ ಕುಸಿಯುವಂತೆ ಮಾಡುವುದರಿಂದ, ಅಕ್ರಮ ದಾಳಿಗೆ ಮಿತಿ ಹಾಕುವ ಸೇಫ್ಟಿ ಬಟನ್ ಹಳದಿಯಲ್ಲೇ ಇರಲಿ. ಅದನ್ನು ಕೆಂಪಿಗೆ ತಿರುಗಿಸದೆ ಲೋ-ಸೆಕ್‌ನಲ್ಲಿ ಪಾಡ್ ಮೇಲೆ ಗುಂಡು ಹಾರುವುದೇ ಇಲ್ಲ. ಕುಸಿದ ಮಾನವನ್ನು ಆಟದೊಳಗಿನ ಕಂಪ್ಯೂಟರ್ ದರೋಡೆಕೋರರನ್ನು ಕೊಂದು ಅಥವಾ ಕ್ಲೋನ್ ಸೋಲ್ಜರ್ ಟ್ಯಾಗ್ ಎಂಬ ಆಟದ ವಸ್ತುಗಳನ್ನು ಒಪ್ಪಿಸಿ ಮೇಲೆತ್ತಬಹುದು. ಅಷ್ಟು ಪಾಡು ಬೇಡವೆನ್ನುವವರು ಸರಕು ತರುವುದಕ್ಕೆಂದೇ ಇನ್ನೊಂದು ಪಾತ್ರವನ್ನು ಸೃಷ್ಟಿಸಿಕೊಂಡು, ಮೂಲ ಪಾತ್ರವನ್ನು ಲೋ-ಸೆಕ್‌ನಲ್ಲೇ ಇರಿಸುತ್ತಾರೆ.