ನೋಂದಣಿಗೆ ತನ್ನದೇ ಮಾಡೆಲ್ ಕೊಟ್ಟದ್ದು

ತರಬೇತಿ ಕೋರ್ಸ್‌ಗಳ ನಿರ್ವಹಣೆಗಾಗಿ ಜಾಂಗೊದಲ್ಲಿ (ಪೈಥಾನ್ ಭಾಷೆಯ ವೆಬ್ ಚೌಕಟ್ಟು) ಬರೆದ ತಂತ್ರಾಂಶವೊಂದರಲ್ಲಿ, ವಿದ್ಯಾರ್ಥಿ ಮತ್ತು ಕೋರ್ಸ್ ಎಂಬ ಎರಡು ಮಾಡೆಲ್‌ಗಳ (ಡೇಟಾಬೇಸಿನ ಟೇಬಲ್‌ಗಳನ್ನು ಕೋಡಿನಲ್ಲಿ ವಿವರಿಸುವ ಕ್ಲಾಸ್‌ಗಳು) ಸಂಬಂಧವನ್ನು ನಾನು ಆರಂಭದಲ್ಲಿ ಒಬ್ಬರಿಗೆ ಹಲವು ಕೋರ್ಸ್, ಒಂದು ಕೋರ್ಸಿಗೆ ಹಲವರು ಎಂಬುದನ್ನು ಹಿಡಿದಿಡುವ ಒಂದೇ ಮೆನಿ-ಟು-ಮೆನಿ ಫೀಲ್ಡ್‌ನಲ್ಲಿ ಮುಗಿಸಿದ್ದೆ. ಕೆಲವು ತಿಂಗಳಲ್ಲಿ ಸೇರಿದ ದಿನಾಂಕ ಬೇಕಾಯಿತು, ಬಳಿಕ ಕೋರ್ಸನ್ನು ಅರ್ಧಕ್ಕೆ ಬಿಟ್ಟವರ ಲೆಕ್ಕವೂ ಬೇಕಾಯಿತು. ಈ ವಿವರಗಳು ವಿದ್ಯಾರ್ಥಿಗೂ ಸೇರಿದವಲ್ಲ, ಕೋರ್ಸಿಗೂ ಸೇರಿದವಲ್ಲ. ಅವೆರಡನ್ನು ಕೂಡಿಸುವ ನೋಂದಣಿಗೆ ಸೇರಿದವು. ಅದನ್ನು ಆಗಲೇ ಗುರುತಿಸದೆ ದಿನಾಂಕಕ್ಕೆಂದು ಪಕ್ಕದಲ್ಲೊಂದು ಟೇಬಲ್ ಮಾಡಿದ್ದು ನನ್ನ ತಪ್ಪು. ಒಂದರಲ್ಲಿ ತೆಗೆದ ಹೆಸರು ಇನ್ನೊಂದರಲ್ಲಿ ಉಳಿದು, ವರದಿಗಳು ತಾಳೆಯಾಗುತ್ತಿರಲಿಲ್ಲ.

ಆದ್ದರಿಂದ ವಿದ್ಯಾರ್ಥಿಯನ್ನೂ ಕೋರ್ಸನ್ನೂ ತೋರಿಸುವ ಎರಡು ಫಾರಿನ್ ಕೀಗಳಿರುವ ನೋಂದಣಿ ಮಾಡೆಲ್ ಬರೆದು, ಹಳೆಯ ಫೀಲ್ಡ್‌ಗೆ ಅದನ್ನೇ ‘ಥ್ರೂ’ (ನಡುವಿನ ಕೊಂಡಿ) ಎಂದು ಸೂಚಿಸಿದೆ. ಡೇಟಾಬೇಸಿನ ರಚನೆಯನ್ನು ಬದಲಿಸುವ ಮೈಗ್ರೇಶನ್ ಫೈಲ್ ಸಲೀಸಾಗಿ ತಯಾರಾಯಿತಾದರೂ ನಡೆಸಿದೊಡನೆ ವ್ಯಾಲ್ಯೂ ಎರರ್ ಎಂಬ ದೋಷ ಬಂತು; ಇರುವ ಮೆನಿ-ಟು-ಮೆನಿ ಫೀಲ್ಡ್‌ಗೆ ಥ್ರೂ ಸೇರಿಸುವುದನ್ನು ಜಾಂಗೊ ನೇರವಾಗಿ ಒಪ್ಪುವುದಿಲ್ಲ. ಫೀಲ್ಡನ್ನು ಅಳಿಸಿ ಮತ್ತೆ ಸೇರಿಸಿದರೆ ದೋಷವೇನೋ ಹೋಗುತ್ತದೆ, ಅದರೊಂದಿಗೆ ಯಾರು ಯಾವ ಕೋರ್ಸಿಗೆ ಸೇರಿದ್ದಾರೆಂದು ಬರೆದಿಟ್ಟ ನಡುವಿನ ಟೇಬಲ್‌ನ ಎಲ್ಲ ಸಾಲುಗಳೂ ಹೋಗುತ್ತವೆ. ದಾರಿ ಸಿಕ್ಕಿದ್ದು ‘ಸೆಪರೇಟ್ ಡೇಟಾಬೇಸ್ ಅಂಡ್ ಸ್ಟೇಟ್’ ಎಂಬ ಆಪರೇಶನ್‌ನಲ್ಲಿ; ಡೇಟಾಬೇಸಿನಲ್ಲಿ ಆಗುವ ಬದಲಾವಣೆಯನ್ನೂ ಮಾಡೆಲ್‌ಗಳ ಬಗ್ಗೆ ಜಾಂಗೊ ಇಟ್ಟುಕೊಳ್ಳುವ ಲೆಕ್ಕವನ್ನೂ (ಸ್ಟೇಟ್) ಅದು ಬೇರೆಬೇರೆಯಾಗಿ ಬರೆಯಲು ಬಿಡುತ್ತದೆ. ಜಾಂಗೊ ತಾನೇ ಸೃಷ್ಟಿಸಿದ್ದ ಆ ಟೇಬಲ್‌ನಲ್ಲಿ ಅದರದೇ ಐಡಿ, ವಿದ್ಯಾರ್ಥಿಯ ಐಡಿ, ಕೋರ್ಸಿನ ಐಡಿ ಎಂಬ ಮೂರೇ ಕಾಲಂಗಳಿದ್ದವು. ಹೊಸ ಮಾಡೆಲ್‌ಗೆ ಅದೇ ಟೇಬಲ್‌ನ ಹೆಸರು ಕೊಟ್ಟು, ಮಾಡೆಲ್ ರಚನೆಯನ್ನೂ ಫೀಲ್ಡ್ ಬದಲಾವಣೆಯನ್ನೂ ಸ್ಟೇಟ್ ಭಾಗದಲ್ಲಷ್ಟೇ ಬರೆದು, ಡೇಟಾಬೇಸ್ ಭಾಗವನ್ನು ಖಾಲಿ ಬಿಟ್ಟೆ. ವಿದ್ಯಾರ್ಥಿ-ಕೋರ್ಸ್ ಜೋಡಿಗೆ ಯುನಿಕ್ (ಒಂದೇ ಜೋಡಿ ಎರಡು ಬಾರಿ ಬರಬಾರದೆಂಬ) ನಿರ್ಬಂಧ ಆ ಟೇಬಲ್‌ನಲ್ಲಿ ಮೊದಲೇ ಇರುವುದರಿಂದ ಮಾಡೆಲ್‌ನಲ್ಲೂ ಅದನ್ನು ಘೋಷಿಸಬೇಕು. ಮರೆತರೆ ಮಾಡೆಲ್ ಹೇಳುವುದೊಂದು, ಟೇಬಲ್ ನಡೆಯುವುದೊಂದು ಆಗುತ್ತದೆ.

ದಿನಾಂಕ ಮತ್ತು ಸ್ಥಿತಿಯ ಕಾಲಂಗಳನ್ನು ಎರಡನೆಯ ಮೈಗ್ರೇಶನ್‌ನಲ್ಲಿ ಸೇರಿಸಿ, ಪಕ್ಕದ ಟೇಬಲ್‌ನ ದಿನಾಂಕಗಳನ್ನು ಮೈಗ್ರೇಶನ್‌ನೊಳಗೆ ಪೈಥಾನ್ ಕೋಡ್ ನಡೆಸುವ ‘ರನ್ ಪೈಥಾನ್’ ಮೂಲಕ ತುಂಬಿದೆ. ಡೇಟಾಬೇಸಿನ ನಕಲಿನ ಮೇಲೆ ಮೊದಲು ನಡೆಸಿ, ಸಾಲುಗಳ ಸಂಖ್ಯೆ ಹಿಂದೆ ಮುಂದೆ ಒಂದೇ ಇದೆಯೆಂದು ನೋಡಿದ ಮೇಲೆಯೇ ಮುಂದುವರಿದೆ.

ಬಳಿಕ ಎದುರಾದದ್ದು ಕ್ವೆರಿಗಳ (ಡೇಟಾಬೇಸಿಗೆ ಕಳಿಸುವ ಪ್ರಶ್ನೆಗಳ) ಸಮಸ್ಯೆ. 50 ವಿದ್ಯಾರ್ಥಿಗಳ ಪಟ್ಟಿಗೆ 52 ಕ್ವೆರಿಗಳು ಹೋಗುತ್ತಿದ್ದವು. ಸಂಬಂಧಿತ ಸಾಲುಗಳನ್ನು ಒಟ್ಟಿಗೆ ಮೊದಲೇ ತಂದಿಡುವ ‘ಪ್ರಿಫೆಚ್ ರಿಲೇಟೆಡ್’ ಹಾಕಿದ್ದೆನಾದರೂ, ಪ್ರತಿ ವಿದ್ಯಾರ್ಥಿಯ ನೋಂದಣಿಗಳ ಮೇಲೆ ಮತ್ತೆ ‘ಫಿಲ್ಟರ್’ ಕರೆಯುತ್ತಿದ್ದೆ; ಹಾಗೆ ಕರೆದಾಗ ಮೊದಲೇ ತಂದಿಟ್ಟದ್ದನ್ನು ಬಳಸದೆ ಜಾಂಗೊ ಹೊಸ ಕ್ವೆರಿ ಕಳಿಸುತ್ತದೆ. ಸ್ಥಿತಿಯ ಷರತ್ತನ್ನು ‘ಪ್ರಿಫೆಚ್’ ಆಬ್ಜೆಕ್ಟಿನೊಳಗಿನ ಕ್ವೆರಿಸೆಟ್‌ಗೆ ಸರಿಸಿ, ಕೋರ್ಸನ್ನು ‘ಸೆಲೆಕ್ಟ್ ರಿಲೇಟೆಡ್’ನಿಂದ ಜೊತೆಗೇ ತಂದು, ಫಲಿತಾಂಶವನ್ನು ‘ಟು ಆಟ್ರ್’ ಮೂಲಕ ಬೇರೆ ಹೆಸರಿನ ಪಟ್ಟಿಯಲ್ಲಿ ಇರಿಸಿದ ಮೇಲೆ ಕ್ವೆರಿಗಳು 2ಕ್ಕೆ ಇಳಿದವು. ಈಗ ಅದೇ ಪಟ್ಟಿಯ ಟೆಸ್ಟ್‌ನಲ್ಲಿ ಕ್ವೆರಿಗಳ ಸಂಖ್ಯೆಯನ್ನು ಪರೀಕ್ಷಿಸುವ ‘ಅಸರ್ಟ್ ನಂ ಕ್ವೆರೀಸ್’ 3 ವಿದ್ಯಾರ್ಥಿಗಳಿಗೊಮ್ಮೆ, 10 ವಿದ್ಯಾರ್ಥಿಗಳಿಗೊಮ್ಮೆ ಅದೇ 2ನ್ನು ಕೇಳುತ್ತದೆ.